ರಂಟಿ ಹೂಡದೆ ಗೋವಿನಜೋಳ

ಮುಂಗಾರಿನ ಹದಮಳೆ ಬಿದ್ದ ಮೇಲೆ ಧಾರವಾಡ, ಕಲಘಟಗಿ ಕಡೆ ಬಿತ್ತನೆಗೆ ಸಿಗುವುದು ಕೆಲವೇ ದಿನ. ಮನೆಯಲ್ಲಿ ಎತ್ತಿಲ್ಲದ ಎರಡೆಕರೆಯ ರೈತ ಬಾಡಿಗೆ ಟ್ರ್ಯಾಕ್ಟರಿಗೆ ಪಾಳಿ ಹಚ್ಚಬೇಕು: ಒಮ್ಮೆ ಉಳುಮೆಗೆ, ಒಮ್ಮೆ ಕುಂಟಿ ಹೊಡೆಯಲು, ಇನ್ನೊಮ್ಮೆ ಬಿತ್ತಲು. ಅಷ್ಟರಲ್ಲಿ ಹದ ಆರಿರುತ್ತದೆ, ಇಲ್ಲವೇ ಇನ್ನೊಂದು ಮಳೆಯಾಗಿ ಹೊಲದಲ್ಲಿ ಕಾಲಿಡಲು ಬರುವುದಿಲ್ಲ. ಹಿಂದಿನ ಬೆಳೆಯ ಕೂಳೆಯ ನಡುವೆಯೇ ಕಾಳು ಊರಿದರೆ ಮೊದಲ ಎರಡು ಪಾಳಿ ಉಳಿಯುತ್ತವೆ.

ಎರಿ ಮಣ್ಣು ಇದಕ್ಕೆ ಒಂದು ರೀತಿಯಲ್ಲಿ ಒಗ್ಗುತ್ತದೆ. ಅದರಲ್ಲಿರುವ ಜೇಡಿ ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕಿನೊಳಗೆ ಮೇಲಿನ ಪುಡಿಮಣ್ಣು ಉದುರಿ, ಮಳೆಗೆ ಬಿರುಕು ಮುಚ್ಚಿ, ನೆಲ ತನ್ನನ್ನು ತಾನೇ ಅಷ್ಟಿಷ್ಟು ಮಗುಚಿಕೊಳ್ಳುತ್ತದೆ. ಮಸಾರಿ ನೆಲಕ್ಕೆ ಈ ಗುಣವಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕಪ್ಪುಮಣ್ಣಿನ ಮೇಲೆ ಕಡಿಮೆ ಉಳುಮೆಯ ಪ್ರಯೋಗಗಳೂ ನಡೆದಿವೆ.

ಆದರೆ ಈ ಸೀಮೆಯ ಜಾಣತನವೆಲ್ಲ ಉತ್ತ ನೆಲದ ಮೇಲೆಯೇ ಬೆಳೆದದ್ದು. ಪಕ್ಕದ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ನೆಲ ವಿಷವಾಗುತ್ತದೆ ಎಂದು ರೈತರು ದೂರ ಸರಿದಿದ್ದರು. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಟ್ರ್ಯಾಕ್ಟರ್ ಕೂರಿಗೆ ಮನೆಮಾತಾಗಿ, 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೂ ಹದಗೊಳಿಸಿದ ಹೊಲದ ಕೂರಿಗೆಯೇ. ಉಳದ ನೆಲಕ್ಕೆ ಬೇರೆ ಮೂತಿ ಬೇಕು.

ಮೊದಲು ಲೆಕ್ಕ. ಸಾಲಿನಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಅಂತರ ಹಿಡಿದರೆ ಎಕರೆಗೆ ಸುಮಾರು 33,700 ಕುಣಿಗಳು. ಗೂಟದಿಂದ ಕುಣಿ ಮಾಡಿ, ಬಗ್ಗಿ ಕಾಳು ಹಾಕಿ, ಕಾಲಿಂದ ಮಣ್ಣು ಸರಿಸುವ ಹೆಣ್ಣಾಳಿನ ಬೆನ್ನು ಇಷ್ಟು ಸಲ ಮಡಚಬೇಕು.

ಬೆನ್ನನ್ನು ನೆಟ್ಟಗಾಗಿಸುವ ಮೊದಲ ಸಾಧನ ಬ್ರೆಜಿಲ್‌ನಲ್ಲಿ ಬಳಕೆಯಲ್ಲಿರುವ ಕುಟ್ಟು ಬಿತ್ತನೆ ಯಂತ್ರ. ತಳದಲ್ಲಿ ಕಬ್ಬಿಣದ ಕೊಕ್ಕಿರುವ ಎರಡು ಕಾಲು, ಮೇಲೆ ಬೀಜದ ಡಬ್ಬಿ. ಕೊಕ್ಕು ಮುಚ್ಚಿಟ್ಟು ನೆಲಕ್ಕೆ ಕುಟ್ಟಿ ಹಿಡಿ ಆಡಿಸಿದರೆ ಬಾಯಿ ತೆರೆದು ಕಾಳು ಬೀಳುತ್ತದೆ. ಅಮೆರಿಕದ ಒಕ್ಲಹಾಮಾ ಸ್ಟೇಟ್ ವಿಶ್ವವಿದ್ಯಾಲಯ ಇದನ್ನೇ ಕೋಲಿನಂತೆ ಸಪೂರಗೊಳಿಸಿ, ಕುಟ್ಟಿಗೆ ಒಂದೇ ಕಾಳು ಬೀಳುವಂತೆ ಮಾಡಿತು. ಹೈಬ್ರಿಡ್ ಬೀಜದ ಚೀಲಕ್ಕೆ ದುಡ್ಡು ತೆತ್ತವರಿಗೆ ಈ ‘ಒಂದೇ ಕಾಳು’ ಎಂಬುದರ ಬೆಲೆ ಹೇಳಿಕೊಡಬೇಕಿಲ್ಲ. ಔಷಧಿ ಸವರಿದ ಬಣ್ಣದ ಬೀಜವನ್ನು ಬರಿಗೈಯಲ್ಲಿ ಮುಟ್ಟುವುದೂ ತಪ್ಪುತ್ತದೆ. ಆದರೂ ಕುಟ್ಟಿಗೆ ಎರಡು ಸೆಕೆಂಡ್ ಹಿಡಿದರೆ ಎಕರೆಗೆ 18 ತಾಸು ಮೀರುತ್ತದೆ. ತೋಳೂ ಸೋಲುತ್ತದೆ.

ಎರಡನೆಯದು ಚಕ್ರ. ನೈಜೀರಿಯಾದ ಇಬಾದಾನ್‌ನಲ್ಲಿರುವ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆ ರೂಪಿಸಿದ ಉರುಳು ಬಿತ್ತನೆ ಯಂತ್ರದ ಬಳಗಕ್ಕೆ ಸೇರಿದ ಕೈಗಾಡಿಗಳು ಈಗ ನಮ್ಮ ಕೃಷಿ ಉಪಕರಣದ ಅಂಗಡಿಗಳಲ್ಲೂ ಸಿಗುತ್ತವೆ. ಚಕ್ರದ ಸುತ್ತ ಹತ್ತು ಹನ್ನೆರಡು ಕೊಕ್ಕು. ನೆಲಕ್ಕೆ ಇಳಿಯುವಾಗ ಕೊಕ್ಕು ಮುಚ್ಚಿರುತ್ತದೆ; ಒಳಗಿಳಿದ ಮೇಲೆ ಮುಚ್ಚಳ ಒತ್ತಿಗೆ ಸರಿದು ಕಾಳು ಜಾರುತ್ತದೆ; ಮೇಲೇಳುವಾಗ ಸ್ಪ್ರಿಂಗ್ ಬಾಯಿ ಮುಚ್ಚುತ್ತದೆ. ಎಕರೆಗೆ ಎಲ್ಲ ಸಾಲು ಕೂಡಿದರೆ ಆರೂಮುಕ್ಕಾಲು ಕಿಲೋಮೀಟರು. ಗಂಟೆಗೆ ಎರಡು ಕಿಲೋಮೀಟರಿನ ನಿಧಾನ ನಡಿಗೆಯಲ್ಲೂ ಮೂರೂವರೆ ತಾಸಿಗೆ ಮುಗಿಯುತ್ತದೆ. ಮಸಾರಿ ಹೊಲಕ್ಕೆ ಇದಕ್ಕಿಂತ ಒಳ್ಳೆಯ ಕೈಸಾಧನ ಹುಡುಕುವುದು ಕಷ್ಟ.

ಎರಿ ಹೊಲದಲ್ಲಿ ಮಾತ್ರ ಇದರ ಬಣ್ಣ ಬಯಲಾಗುತ್ತದೆ. ಹಸಿ ಜೇಡಿ ಕೊಕ್ಕಿನ ಬಾಯಿಗೆ ಮೆತ್ತಿ ಗಟ್ಟಿಯಾದರೆ ಕಾಳು ಒಳಗೇ ಉಳಿಯುತ್ತದೆ. ಗಾಡಿ ಎಂದಿನಂತೆ ಉರುಳುತ್ತಿರುತ್ತದೆ, ದೂಡುವವನಿಗೆ ಸುಳಿವೇ ಸಿಗದು. ಕುಟ್ಟು ಯಂತ್ರಕ್ಕೂ ಮಣ್ಣು ಮೆತ್ತುತ್ತದೆ, ಆದರೆ ಅದರ ಮೂತಿ ಕಣ್ಣೆದುರೇ ಇರುತ್ತದೆ. ಕಡ್ಡಿಯಿಂದ ಕೆರೆದು ಮುಂದೆ ಹೋಗಬಹುದು.

ಇನ್ನು ದೊಡ್ಡವು. ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ, ತಲೆಕೆಳಗಾದ ‘ಟಿ’ ಆಕಾರದ ತಾಳನ್ನು ಪಂತನಗರದ ಕೃಷಿ ವಿಶ್ವವಿದ್ಯಾಲಯ ನಮ್ಮ ಟ್ರ್ಯಾಕ್ಟರುಗಳಿಗೆ ಒಗ್ಗಿಸಿ ಶೂನ್ಯ ಉಳುಮೆ ಕೂರಿಗೆ ಮಾಡಿತು. ಅದು ನೆಲವನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ. ಗೋವಿನಜೋಳದ ದಂಟು, ರವದಿ ಹರಡಿ ಬಿದ್ದಿದ್ದರೆ ತಾಳುಗಳು ಬಾಚಣಿಗೆಯಂತೆ ಅದನ್ನೆಲ್ಲ ಎಳೆದು ಗುಡ್ಡೆ ಹಾಕುತ್ತವೆ. ಅದಕ್ಕೆಂದು ಮುಂದೆ ಕತ್ತರಿಸುವ ತಟ್ಟೆ ಬೇಕು. ತಟ್ಟೆಗೆ ಭಾರ ಬೇಕು. ಒದ್ದೆ ನೆಲದಲ್ಲಿ ಭಾರವಿದ್ದೂ ಅದು ದಂಟನ್ನು ಕತ್ತರಿಸದೆ ಸೀಳಿನೊಳಕ್ಕೆ ಮಡಚಿ ತುರುಕಿಬಿಡುತ್ತದೆ. ಕಾಳು ಮಣ್ಣಿಗೆ ತಾಗದೆ ರವದಿಯ ಮೇಲೆ ಕೂರುತ್ತದೆ. 1972ರಲ್ಲಿ ಹರ್ಬರ್ಟ್ ಬಾರ್ಟ್ಸ್ ಎಂಬ ರೈತ ಉಳುಮೆ ಬಿಟ್ಟ ಬ್ರೆಜಿಲ್‌ನ ಪರಾನಾ ಪ್ರಾಂತದಲ್ಲಿ, ಚಿಕ್ಕ ಹಿಡುವಳಿಗೆಂದು ಇಂಥ ತಟ್ಟೆಯುಳ್ಳ, ಜಾನುವಾರು ಎಳೆಯುವ ಒಂಟಿ ಸಾಲಿನ ಕೂರಿಗೆಗಳೂ ಬಂದವು. ಎತ್ತು ಇಟ್ಟುಕೊಂಡವರಿಗೆ ಇಲ್ಲಿ ಇಂಥದ್ದೇ ಬೇಕು. ಎತ್ತಿಲ್ಲದವರು ಶೂನ್ಯ ಉಳುಮೆ ಕೂರಿಗೆ ಕೊಳ್ಳುವ ಗೊಡವೆಗೆ ಹೋಗದೆ, ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರದಲ್ಲಿ ಇದೆಯೇ ಎಂದು ಮೊದಲು ವಿಚಾರಿಸುವುದು ಲೇಸು.

ಯಾವುದನ್ನು ಹಿಡಿದರೂ ಕಳೆ ಕಾದಿರುತ್ತದೆ. ಕುಂಟಿ ಬಿಟ್ಟ ಹೊಲದಲ್ಲಿ ಕರಿಕೆ, ಜೇಕು ಮೊದಲೆರಡು ವರ್ಷ ಜೋರು ಮಾಡುತ್ತವೆ. ಕಳೆನಾಶಕಕ್ಕೋ ಕೂಲಿಗೋ ಉಳುಮೆಯಲ್ಲಿ ಉಳಿಸಿದ ದುಡ್ಡಿನ ಒಂದು ಪಾಲು ಹೋಗುತ್ತದೆ. ದಂಟನ್ನೆಲ್ಲ ದನಕ್ಕೆ ಹಾಕಿ ನೆಲ ಬೋಳು ಮಾಡಿದರೆ ಇನ್ನೂ ಹೆಚ್ಚು.

ಸಾಧನ ಕೊಳ್ಳುವ ಮುಂಚೆ ಎರವಲು ತಂದು, ಹದವಿರುವ ದಿನ ಸ್ವಂತ ಹೊಲದಲ್ಲೇ ಒಂದು ಸಾಲು ಓಡಿಸಿ ನೋಡಬಹುದು. ಸಾಲಿನ ನಡುವೆ ಒಂದು ಮೀಟರ್ ಅಳೆದು ಬೆರಳಿಂದ ಕೆದಕಿದರೆ ನಾಲ್ಕೈದು ಸೆಂಟಿಮೀಟರ್ ಆಳದಲ್ಲಿ ಐದು ಕಾಳು ಸಿಗಬೇಕು. ಮೂರೇ ಸಿಕ್ಕರೆ ಬಾಯಿಗೆ ಮಣ್ಣು ಕಟ್ಟಿದೆ. ಎಂಟು ಸಿಕ್ಕರೆ ಬೀಜ ಎತ್ತುವ ಉರುಳೆಯ ಗುಳಿ ಕಾಳಿಗಿಂತ ದೊಡ್ಡದಿದೆ. ಅಂಗಡಿಯವರಲ್ಲಿ ಸಣ್ಣ ಗುಳಿಯದನ್ನು ಕೇಳಬೇಕು.