ಜೆ.ಸಿ. ರಸ್ತೆಯಲ್ಲಿ ತಂಪಿನ ತಪಾಸಣೆ

ಬೆಂಗಳೂರಿನ ಟೌನ್‌ಹಾಲ್ ಬಿಟ್ಟು ಮಿನರ್ವ ವೃತ್ತದ ಕಡೆಗೆ ಹೆಜ್ಜೆ ಹಾಕಿದರೆ, ರವೀಂದ್ರ ಕಲಾಕ್ಷೇತ್ರ ದಾಟುತ್ತಿದ್ದಂತೆ ಅಂಗಡಿಗಳ ಚಹರೆಯೇ ಬದಲಾಗುತ್ತದೆ. ಸೀಟ್ ಕವರ್, ಹಾರನ್, ಹೆಡ್‌ಲೈಟ್, ಬಂಪರ್‌ಗಳು ಬಾಗಿಲವರೆಗೂ ತೂಗಾಡುತ್ತಿರುತ್ತವೆ. ಜಯಚಾಮರಾಜೇಂದ್ರ ಒಡೆಯರ ಹೆಸರಿನ ಈ ರಸ್ತೆ ದಶಕಗಳಿಂದ ವಾಹನ ಬಿಡಿಭಾಗಗಳ ಪೇಟೆ. ಅಡ್ಡರಸ್ತೆಗೆ ತಿರುಗಿದರೆ ಬಾನೆಟ್ ಎತ್ತಿ ನಿಂತ ಕಾರುಗಳ ಸಾಲು ಕಾಣುತ್ತದೆ. ಕಾರ್ ಎ.ಸಿ. ರಿಪೇರಿ ಮಾಡುವವರು ಸಿಗುವುದು ಇಲ್ಲೇ.

ಬೇಸಿಗೆ ಶುರುವಾದರೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಳೆಯ ಕಾರು ತಂದವರ ಬಾಯಲ್ಲಿ ಒಂದೇ ಮಾತು: ‘ಕೂಲಿಂಗ್ ಕಮ್ಮಿ ಆಗಿದೆ, ಗ್ಯಾಸ್ ಹಾಕ್ಕೊಡಿ.’ ಇಲ್ಲಿ ಒಂದು ಬೆಳಿಗ್ಗೆ ನಿಂತು ಕೆಲಸ ನೋಡಿದರೆ ಆ ಬೇಡಿಕೆಯೇ ತಪ್ಪು ಎಂಬುದು ಮನವರಿಕೆಯಾಗುತ್ತದೆ. ಎ.ಸಿ. ಗ್ಯಾಸು ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವ ವಸ್ತುವಲ್ಲ. ಕಂಪ್ರೆಸರ್ ಅದನ್ನು ಒತ್ತುತ್ತದೆ. ಕಾರಿನ ಮುಂಭಾಗದ ಕಂಡೆನ್ಸರ್‌ನಲ್ಲಿ ಅದು ಬಿಸಿ ಬಿಟ್ಟು ದ್ರವವಾಗುತ್ತದೆ. ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ಕಿಂಡಿಯಲ್ಲಿ ನುಗ್ಗಿ, ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಆವಿಯಾಗುತ್ತಾ ಶಾಖ ಹೀರಿಕೊಳ್ಳುತ್ತದೆ. ಅದೇ ಗ್ಯಾಸು ಮತ್ತೆ ಮತ್ತೆ ಸುತ್ತುತ್ತಿರುತ್ತದೆ. ರಬ್ಬರ್ ಪೈಪಿನಿಂದ ವರ್ಷಗಳು ಕಳೆದಂತೆ ಚೂರುಪಾರು ಜಿನುಗುವುದುಂಟು. ಪ್ರತಿ ಬೇಸಿಗೆಗೂ ತುಂಬಿಸಬೇಕಾಗಿ ಬಂದರೆ ಮಾತ್ರ ಎಲ್ಲೋ ಲೀಕ್ ಇದೆ ಎಂದೇ ಅರ್ಥ.

ಗೇಜ್ ಹೇಳುವ ಸತ್ಯ

ಹಳೆಯ ವ್ಯಾಗನ್ ಆರ್ ಒಂದು ಬಂದು ನಿಂತಿತು. ಇಳಿದ ಮಹಿಳೆ, ‘ಹೈವೇನಲ್ಲಿ ತಣ್ಣಗಿರುತ್ತೆ, ಸಿಗ್ನಲ್‌ನಲ್ಲಿ ನಿಂತ್ರೆ ಬಿಸಿ ಗಾಳಿ ಬರುತ್ತೆ’ ಎಂದರು. ‘ಅರ್ಧ ಕಾಯಿಲೆ ನೀವೇ ಹೇಳ್ಬಿಟ್ರಲ್ಲ ಮೇಡಂ’ ಎನ್ನುತ್ತಾ ಮೆಕ್ಯಾನಿಕ್ ಗೇಜ್ ಜೋಡಿಸಿದರು. ನೀಲಿ ಪೈಪು ಕಡಿಮೆ ಒತ್ತಡದ ಕಡೆಗೆ, ಕೆಂಪು ಹೆಚ್ಚು ಒತ್ತಡದ ಕಡೆಗೆ. ಎಂಜಿನ್ ಆಫ್ ಇದ್ದಾಗ ಎರಡೂ ಮುಳ್ಳು 95 ಪಿಎಸ್‌ಐ ಆಸುಪಾಸಿನಲ್ಲಿದ್ದವು. ಸುತ್ತ 30 ಡಿಗ್ರಿ ಸೆಲ್ಸಿಯಸ್ ಇದ್ದಾಗ ಆರ್-134ಎ ಗ್ಯಾಸಿಗೆ ಇದು ಸಹಜ. ಇದರಿಂದ ಗ್ಯಾಸ್ ಪೂರ್ತಿ ಖಾಲಿಯಾಗಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ಎಷ್ಟಿದೆ ಎಂದು ತಿಳಿಯುವುದಿಲ್ಲ.

ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿದಾಗ ಕೆಂಪು ಗೇಜಿನ ಮುಳ್ಳು 300 ದಾಟಿತು. ಹುಡುಗನೊಬ್ಬ ಬಕೆಟ್ ತಂದು ಕಂಡೆನ್ಸರ್ ಮೇಲೆ ಮಗ್‌ನಿಂದ ನೀರು ಹೊಯ್ದ. ಮುಳ್ಳು ಸರಸರನೆ ಇಳಿಯಿತು, ಒಳಗೆ ತಣ್ಣನೆ ಗಾಳಿ ಬಂತು. ಅಂದರೆ ಗ್ಯಾಸೂ ಇದೆ, ಕಂಪ್ರೆಸರೂ ಒತ್ತುತ್ತಿದೆ. ಬಿಸಿ ಹೊರಹೋಗಲು ಮಾತ್ರ ದಾರಿಯಿಲ್ಲ. ಬ್ಯಾಟರಿ ಹಾಕಿ ನೋಡಿದಾಗ ಕಂಡೆನ್ಸರ್ ಫ್ಯಾನು ಏದುಸಿರು ಬಿಡುತ್ತಾ ತಿರುಗಿತು. ಮೋಟಾರಿನ ಕಾರ್ಬನ್ ಬ್ರಶ್ ಸವೆದಿತ್ತು. ಹೈವೇಯಲ್ಲಿ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತಿತ್ತು, ಸಿಗ್ನಲ್‌ನಲ್ಲಿ ಅದೂ ಇರಲಿಲ್ಲ. ಈ ಕಾರಿಗೆ ಗ್ಯಾಸ್ ತುಂಬಿಸಿದ್ದರೆ ಒತ್ತಡ ಇನ್ನೂ ಏರಿ ಕಂಪ್ರೆಸರ್‌ಗೇ ಕುತ್ತು ಬರುತ್ತಿತ್ತು.

ಗೇಜ್ ಓದುವ ಲೆಕ್ಕ ಇಲ್ಲಿ ಎಲ್ಲರಿಗೂ ಬಾಯಿಪಾಠ. ಎರಡೂ ಕಡೆ ಕಡಿಮೆಯಿದ್ದರೆ ಗ್ಯಾಸ್ ಹೋಗಿರಬಹುದು. ನೀಲಿ ಏರಿ ಕೆಂಪು ಏರದಿದ್ದರೆ ಕಂಪ್ರೆಸರ್ ಸೋತಿದೆ ಎಂಬ ಅನುಮಾನ. ನೀಲಿ ಸೊನ್ನೆಗಿಂತ ಕೆಳಗಿಳಿದರೆ ವಾಲ್ವ್ ಕಟ್ಟಿಕೊಂಡಿರಬಹುದು.

ಎಣ್ಣೆ ಕಲೆಯ ಜಾಡು

ಪಕ್ಕದ ಶೆಡ್‌ನಲ್ಲಿ ಲೀಕ್ ಹುಡುಕುವ ಕೆಲಸ ನಡೆದಿತ್ತು. ಕಂಪ್ರೆಸರ್ ಆಯಿಲ್ ಗ್ಯಾಸಿನ ಜೊತೆಯಲ್ಲೇ ಸುತ್ತುವುದರಿಂದ ಗ್ಯಾಸ್ ಜಾರಿದ ಕಡೆ ಎಣ್ಣೆಯೂ ಜಿನುಗುತ್ತದೆ. ಅಲ್ಯೂಮಿನಿಯಂ ಪೈಪಿನ ಜಾಯಿಂಟ್‌ನಲ್ಲಿ ಧೂಳು ಮೆತ್ತಿದ ಕಪ್ಪು ಕಲೆಯನ್ನು ಮೆಕ್ಯಾನಿಕ್ ಉಗುರಿನಿಂದ ಕೆರೆದು ತೋರಿಸಿದರು. ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚಿದಾಗ ಅದೇ ಜಾಗದಲ್ಲಿ ಗುಳ್ಳೆ ಎದ್ದಿತು. ಒಳಗಿನ ಓ-ರಿಂಗ್ ಒಣಗಿ ಬಿರುಕು ಬಿಟ್ಟಿತ್ತು. ಇಷ್ಟು ಪುಟ್ಟ ರಬ್ಬರ್ ಬಳೆಯಿಂದಲೇ ಒಂದು ಕಾರಿನ ತಂಪೆಲ್ಲ ಸೋರಿಹೋಗುತ್ತದೆ.

ಇನ್ನೊಂದು ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿ ಕೂಲಿಂಗ್ ಕಾಯಿಲ್ ಹೊರತೆಗೆದಿದ್ದರು. ಹಳೆಯ ಎಷ್ಟೋ ಕಾರುಗಳಿಗೆ ಕ್ಯಾಬಿನ್ ಫಿಲ್ಟರೇ ಇರಲಿಲ್ಲ. ವರ್ಷಗಳ ಧೂಳು, ಕೂದಲು, ಎಲೆಯ ಚೂರು ಸೇರಿ ಕಾಯಿಲ್ ಮೇಲೆ ಕಂಬಳಿಯಂತೆ ಹೊದ್ದುಕೊಂಡಿತ್ತು. ಬ್ಲೋವರ್ ಜೋರಾಗಿ ಸದ್ದು ಮಾಡಿದರೂ ಗಾಳಿ ಬಾರದಿದ್ದರೆ ಮೊದಲು ಹುಡುಕಬೇಕಾದ್ದು ಇದನ್ನೇ.

ಕೊನೆಗೆ ಗ್ಯಾಸ್

ದೋಷ ಸರಿಪಡಿಸಿದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚುತ್ತಾರೆ. ಅರ್ಧ ಗಂಟೆಯಾದರೂ ಅದು ಓಡಬೇಕು. ಒಳಗೆ ಉಳಿದ ತೇವಾಂಶ ಆವಿಯಾಗಿ ಹೋಗದಿದ್ದರೆ ವಾಲ್ವಿನಲ್ಲಿ ಮಂಜುಗಟ್ಟಿ ಗ್ಯಾಸಿನ ದಾರಿ ಕಟ್ಟುತ್ತದೆ. ಪಂಪ್ ನಿಲ್ಲಿಸಿದ ಮೇಲೂ ಮುಳ್ಳು ಕದಲದಿದ್ದರೆ ಲೀಕ್ ನಿಂತಿದೆ ಎಂದು ನಂಬಬಹುದು. ಆಮೇಲೆ ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತೂಕ ಮಾಡಿ ಹಾಕಬೇಕು. ಹೆಚ್ಚಾದರೂ ಕೂಲಿಂಗ್ ಕೆಡುತ್ತದೆ.

ಲೀಕ್ ಮುಚ್ಚದೆ ಗ್ಯಾಸ್ ಹಾಕಿಸುವುದು ಜೇಬಿಗೆ ಮಾತ್ರ ನಷ್ಟವಲ್ಲ. ಓಜೋನ್ ಪದರ ಉಳಿಸಲು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಳೆಯ ಆರ್-12 ಗ್ಯಾಸು ಹಿಂದೆ ಸರಿದು ಆರ್-134ಎ ಬಂತು. ಅದು ಓಜೋನ್‌ಗೆ ಹಾನಿ ಮಾಡುವುದಿಲ್ಲ, ನಿಜ. ಆದರೆ ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕೆ.ಜಿ. ಭೂಮಿಯನ್ನು ಬಿಸಿ ಮಾಡುವ ಪ್ರಮಾಣ ಸಾವಿರಕ್ಕೂ ಹೆಚ್ಚು ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮ. ಸೋರುವ ಕಾರಿಗೆ ಪ್ರತಿ ವರ್ಷ ತುಂಬಿಸಿದ ಗ್ಯಾಸು ಸೇರುವುದು ನಾವೆಲ್ಲ ಬದುಕುವ ಗಾಳಿಯನ್ನೇ.

ಜೆ.ಸಿ. ರಸ್ತೆಗೆ ಬರುವುದಾದರೆ ಬೆಳಿಗ್ಗೆಯೇ ಬನ್ನಿ. ಹೊತ್ತೇರಿದಂತೆ ಜನ ಹೆಚ್ಚು. ಎಂದಿನಿಂದ ಕೂಲಿಂಗ್ ಕಮ್ಮಿ, ನಿಂತಾಗಲೋ ಓಡುವಾಗಲೋ, ಗಾಳಿಯೇ ಕಮ್ಮಿಯೋ ತಂಪು ಕಮ್ಮಿಯೋ ಎಂಬುದನ್ನು ಗಮನಿಸಿಕೊಂಡು ಬನ್ನಿ. ಗೇಜ್ ಹಾಕಿದಾಗ ಪಕ್ಕದಲ್ಲೇ ನಿಂತು ನೋಡಿ. ‘ಗ್ಯಾಸ್ ಹಾಕಿ’ ಎನ್ನುವ ಬದಲು ‘ಗ್ಯಾಸ್ ಎಲ್ಲಿಂದ ಹೋಗ್ತಿದೆ ತೋರಿಸಿ’ ಎಂದು ಕೇಳಿ. ತೋರಿಸಬಲ್ಲವರ ಕೈಗೇ ಕಾರಿನ ಕೀಲಿ ಕೊಡಿ.