ಅಡವಿಯ ನಲವತ್ತು ದಿನ

ಈಸ್ಟರ್ ಹಬ್ಬದ ಪೂರ್ವಸಿದ್ಧತೆಯಾಗಿ ಕ್ರೈಸ್ತ ಧರ್ಮಸಭೆಯು ಪ್ರತಿವರ್ಷವೂ ಆಚರಿಸುತ್ತ ಬಂದಿರುವ ವ್ರತದ ಅವಧಿಯನ್ನು ನಮ್ಮ ನಾಡಿನ ಕಥೋಲಿಕರು ತಪಸ್ಸುಕಾಲವೆಂದೂ, ಪ್ರೊಟೆಸ್ಟೆಂಟ್ ಸಭೆಗಳವರು ಲೆಂಟ್ ದಿನಗಳೆಂದೂ ಕರೆಯುವರು. ಬೂದಿ ಬುಧವಾರದಂದು ಅದರ ಆರಂಭ. ಹಿಂದಿನ ವರ್ಷದ ಗರಿಗಳ ಭಾನುವಾರದಲ್ಲಿ ಆಶೀರ್ವದಿಸಿದ್ದ ಗರಿಗಳನ್ನು ಸುಟ್ಟು, ಆ ಬೂದಿಯಿಂದ ಗುರುಗಳು ಭಕ್ತರ ಹಣೆಯ ಮೇಲೆ ಶಿಲುಬೆಯ ಗುರುತನ್ನಿಟ್ಟು, ದೇಹದ ನಶ್ವರತೆಯನ್ನೂ ಮನಃಪರಿವರ್ತನೆಯ ಅಗತ್ಯವನ್ನೂ ನೆನಪಿಗೆ ತರುವರು. ಅಂದಿನಿಂದ ಈಸ್ಟರಿನ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನಗಳಾಗುವುವು. ಆದರೆ ಭಾನುವಾರವು ಪುನರುತ್ಥಾನವನ್ನು ಸ್ಮರಿಸುವ ದಿನವಾದುದರಿಂದ ಅಂದು ಉಪವಾಸವಿಲ್ಲ. ಆರು ಭಾನುವಾರಗಳನ್ನು ಕಳೆದರೆ ಉಳಿಯುವುದು 40. ಕ್ರಿ. ಶ. 325ರ ನಿಕೇಯ ಮಹಾಸಭೆಯ ನಿಬಂಧನೆಗಳಲ್ಲಿಯೇ ಈ ನಲವತ್ತು ದಿನಗಳ ಉಲ್ಲೇಖವಿದೆಯೆಂದಮೇಲೆ ಆಚರಣೆಯ ಪ್ರಾಚೀನತೆಯನ್ನು ಬೇರೆ ಸಾಧಿಸಬೇಕಾಗಿಲ್ಲ.

ವ್ರತದ ನಿಯಮಗಳು ಕಾಲದಿಂದ ಕಾಲಕ್ಕೆ, ಸಭೆಯಿಂದ ಸಭೆಗೆ ವ್ಯತ್ಯಾಸಗೊಂಡಿವೆ. ಪೌರಸ್ತ್ಯ ಸಭೆಗಳಲ್ಲಿ ಮಾಂಸವಷ್ಟೇ ಅಲ್ಲದೆ ಹಾಲು ಮೊಟ್ಟೆಗಳೂ ವರ್ಜ್ಯ. ಕೇರಳದ ಸುರಿಯಾನಿ ಕ್ರೈಸ್ತರ ದೊಡ್ಡ ಉಪವಾಸವು 50 ದಿನಗಳದು. ಕಥೋಲಿಕ ಸಭೆಯಲ್ಲಿ ಮಾತ್ರ 1966ರಲ್ಲಿ ಆರನೆಯ ಪೌಲ್ ಪೋಪರು ನಿಯಮಗಳನ್ನು ಸಡಿಲಗೊಳಿಸಿದ ಮೇಲೆ ಬೂದಿ ಬುಧವಾರ, ಶುಭ ಶುಕ್ರವಾರ ಈ ಎರಡು ದಿನಗಳಲ್ಲಿ ಒಪ್ಪೊತ್ತಿನ ಉಪವಾಸವು ಕಡ್ಡಾಯವಾಗಿ ಉಳಿದಿದೆ. ಆದರೆ ಏನನ್ನು ಉಣ್ಣಬಹುದು, ಏನನ್ನು ಬಿಡಬೇಕು ಎಂಬ ಪ್ರಶ್ನೆಯಲ್ಲಿಯೇ ತಪಸ್ಸುಕಾಲದ ಸಾರಸರ್ವಸ್ವವೂ ಅಡಗಿದೆಯೆಂದು ಭಾವಿಸಿದವನು ಹೊಸ್ತಿಲಿನಿಂದಲೇ ಹಿಂದಿರುಗಿದಂತೆ. ಈ ದಿನಗಳ ಮೂಲವಿರುವುದು ಒಬ್ಬ ಮನುಷ್ಯನ ಏಕಾಂತದಲ್ಲಿ. ಆ ಏಕಾಂತದಲ್ಲಿ ಆತನಿಗೆ ಎದುರಾದ ಶೋಧನೆಗಳಲ್ಲಿ.

ಯೊರ್ದನ್ ನದಿಯಲ್ಲಿ ಯೇಸು ಸ್ನಾನದೀಕ್ಷೆಯನ್ನು ಪಡೆದು ಮೇಲೆದ್ದಾಗ, ಈತನು ತನ್ನ ಪ್ರಿಯಪುತ್ರನೆಂದು ಸಾರುವ ಧ್ವನಿಯು ಸ್ವರ್ಗದಿಂದ ಕೇಳಿಬಂದಿತೆಂದು ಸುವಾರ್ತೆಗಳು ಹೇಳುತ್ತವೆ. ಅಂಥ ಧನ್ಯತೆಯ ಕ್ಷಣದ ತರುವಾಯ ಜನರ ನಡುವೆ ಹೋಗಿ ಬೋಧಿಸುವುದೇ ಸಹಜವೆಂದು ನಮಗೆ ತೋರಬಹುದು. ಆದರೆ ಪವಿತ್ರಾತ್ಮವು ಆತನನ್ನು ಕರೆದೊಯ್ದದ್ದು ಅಡವಿಗೆ. ಅಲ್ಲಿ ಆತನು ನಲವತ್ತು ದಿನ ಉಪವಾಸವಿದ್ದನು. ಯೆರೂಸಲೇಮಿನಿಂದ ಪೂರ್ವಕ್ಕೆ ಯೆರಿಕೋವಿನತ್ತ ಇಳಿಯುವ ಆ ಸೀಮೆಯಲ್ಲಿ ಹಸುರಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರು ಎತ್ತರದಲ್ಲಿರುವ ಯೆರೂಸಲೇಮಿನಿಂದ, ಸಮುದ್ರಮಟ್ಟಕ್ಕಿಂತ 250 ಮೀಟರಿನಷ್ಟು ಕೆಳಗಿರುವ ಯೆರಿಕೋವಿಗೆ, ಸುಣ್ಣಕಲ್ಲಿನ ಬೋಳುಗುಡ್ಡಗಳೂ ಆಳವಾದ ಕಮರಿಗಳೂ ಒಂದರ ಹಿಂದೊಂದರಂತೆ ಇಳಿಯುತ್ತ ಹೋಗುತ್ತವೆ. ಪರಂಪರೆಯು ಆ ಉಪವಾಸದ ಸ್ಥಳವೆಂದು ತೋರಿಸುವ ಬೆಟ್ಟ ಯೆರಿಕೋವಿನ ಪಶ್ಚಿಮಕ್ಕಿದೆ. ಅದರ ಕಡಿದಾದ ಬಂಡೆಗೆ ಆತುಕೊಂಡು ನಿಂತ ಗ್ರೀಕ್ ಆರ್ಥೊಡಾಕ್ಸ್ ಮಠವೊಂದನ್ನು ಯಾತ್ರಿಕರು ಇಂದಿಗೂ ಕಾಣಬಹುದು.

ಮಾರ್ಕನು ಈ ಪ್ರಸಂಗವನ್ನು ಎರಡೇ ವಾಕ್ಯಗಳಲ್ಲಿ ಮುಗಿಸುತ್ತಾನೆ. ಕಾಡುಮೃಗಗಳ ನಡುವೆ ಯೇಸು ಇದ್ದನೆಂಬ ಸಂಗತಿಯನ್ನು ಮಾತ್ರ ಅವನೊಬ್ಬನೇ ಹೇಳುತ್ತಾನೆ. ಮೂರು ಶೋಧನೆಗಳ ವಿವರವನ್ನು ಕೊಡುವವರು ಮತ್ತಾಯ ಮತ್ತು ಲೂಕ. ಹಸಿದವನ ಮುಂದೆ ಸೈತಾನನು ಮೊದಲು ಇಡುವುದು ರೊಟ್ಟಿಯ ಮಾತನ್ನು: ದೇವಪುತ್ರನಾಗಿದ್ದರೆ ಈ ಕಲ್ಲುಗಳನ್ನು ರೊಟ್ಟಿಯಾಗಿಸಬಾರದೇಕೆ? ತರುವಾಯ ದೇವಾಲಯದ ಶಿಖರ: ಅಲ್ಲಿಂದ ಧುಮುಕಿದರೆ ದೇವದೂತರು ಎತ್ತಿಕೊಳ್ಳುವರಲ್ಲವೆ? ಕಡೆಗೆ ಎತ್ತರವಾದ ಬೆಟ್ಟದ ಮೇಲಿಂದ ಲೋಕದ ಸಕಲ ರಾಜ್ಯಗಳ ವೈಭವ: ಒಮ್ಮೆ ಅಡ್ಡಬಿದ್ದರೆ ಎಲ್ಲವೂ ನಿನ್ನದೇ. ಲೂಕನಲ್ಲಿ ಕಡೆಯ ಎರಡರ ಕ್ರಮ ಹಿಂದುಮುಂದಾಗಿದೆ, ಅಭಿಪ್ರಾಯ ಒಂದೇ.

ಈ ಮೂರನ್ನೂ ನಿಧಾನವಾಗಿ ಪರಿಶೀಲಿಸಿದವನಿಗೆ ಒಂದು ಸಂಗತಿ ಹೊಳೆಯದಿರದು. ಇವುಗಳಲ್ಲಿ ಯಾವುದೂ ನೀಚವಾದ ದುಷ್ಕೃತ್ಯಕ್ಕೆ ನೇರವಾಗಿ ಎಳೆಯುವ ಆಮಿಷವಾಗಿ ತೋರುವುದಿಲ್ಲ. ಹಸಿದವನು ಉಣ್ಣುವುದು ಪಾಪವಲ್ಲ. ಮುಂದೆ ಇದೇ ಯೇಸು ಐದು ರೊಟ್ಟಿಗಳಿಂದ ಸಾವಿರಾರು ಜನರ ಹಸಿವನ್ನು ತಣಿಸಿದನು. ದೇವರಲ್ಲಿ ಭರವಸೆಯಿಡುವುದು ಪುಣ್ಯ. ದೇವಾಲಯದ ಶಿಖರದ ಮೇಲೆ ಸೈತಾನನು ಉದಾಹರಿಸಿದ್ದು ಆ ಭರವಸೆಯನ್ನೇ ಹಾಡುವ 91ನೆಯ ಕೀರ್ತನೆಯನ್ನು. ಲೋಕವೆಲ್ಲ ಒಬ್ಬ ಧರ್ಮಿಷ್ಠನ ಆಳ್ವಿಕೆಗೆ ಒಳಪಡುವುದನ್ನು ಯಾರು ತಾನೆ ಬೇಡವೆಂದಾರು? ಕೇಡು ಅಡಗಿದ್ದುದು ಪಡೆಯಬೇಕಾದ ವಸ್ತುವಿನಲ್ಲಿ ಅಲ್ಲ, ಪಡೆಯುವ ಮಾರ್ಗದಲ್ಲಿ. ತನಗೆ ಬಂದ ಶಕ್ತಿಯನ್ನು ತನ್ನ ಹೊಟ್ಟೆಗಾಗಿಯೇ ಬಳಸುವುದು, ದೇವರ ಪ್ರೀತಿಯನ್ನು ನಂಬುವುದಕ್ಕೆ ಬದಲಾಗಿ ಪರೀಕ್ಷೆಗೆ ಒಡ್ಡುವುದು, ಶಿಲುಬೆಯ ಹಾದಿಯನ್ನು ತಪ್ಪಿಸಿಕೊಂಡು ಸಿಂಹಾಸನವನ್ನು ಏರುವುದು, ಇವೇ ಅಲ್ಲಿಯ ಮೂರು ಬಲೆಗಳು. ಮೊದಲ ಎರಡು ಸಲವೂ ಸೈತಾನನ ಮಾತು ಆರಂಭವಾಗುವುದು ದೇವಪುತ್ರನಾಗಿದ್ದರೆ ಎಂಬ ಸಂಶಯದಿಂದ. ಯೊರ್ದನಿನಲ್ಲಿ ಅನುಗ್ರಹವಾಗಿ ಬಂದುದನ್ನು ಅಡವಿಯಲ್ಲಿ ಪವಾಡದಿಂದ ಸಾಧಿಸಿ ತೋರಿಸೆಂಬುದೇ ಅವನ ಒತ್ತಾಯ.

ಮೂರಕ್ಕೂ ಯೇಸು ಕೊಟ್ಟ ಉತ್ತರಗಳು ಧರ್ಮೋಪದೇಶಕಾಂಡದಿಂದ ಬಂದವು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಹೊಂದಿದ ಇಸ್ರಾಯೇಲರು ನಲವತ್ತು ವರ್ಷಗಳ ಕಾಲ ಅಡವಿಯಲ್ಲಿ ಅಲೆದು, ಅನ್ನಕ್ಕಾಗಿ ಗೊಣಗಿ, ನೀರಿಗಾಗಿ ದೇವರನ್ನು ಪರೀಕ್ಷಿಸಿ, ಚಿನ್ನದ ಕರುವಿಗೆ ಅಡ್ಡಬಿದ್ದ ನೆನಪೆಲ್ಲವೂ ಆ ಗ್ರಂಥದಲ್ಲಿದೆ. ಒಂದು ಜನಾಂಗವು ಎಡವಿದ ಎಡೆಗಳಲ್ಲಿಯೇ ಯೇಸು ತಾನೊಬ್ಬನೇ ನಿಂತನು. ಆತನು ಸೈತಾನನೊಡನೆ ದೀರ್ಘವಾದ ವಾದಕ್ಕೆ ಇಳಿಯಲಿಲ್ಲ. ಬಹುಕಾಲದಿಂದ ಮನನ ಮಾಡಿ ತನ್ನದಾಗಿಸಿಕೊಂಡಿದ್ದ ಸತ್ಯವನ್ನು ಚಿಕ್ಕ ಮಾತಿನಲ್ಲಿ ನುಡಿದು ಸುಮ್ಮನಾದನು. ಶೋಧನೆಯ ಗಳಿಗೆಯಲ್ಲಿ ಹೊಸ ಆಯುಧವನ್ನು ಹುಡುಕಲು ಸಮಯವಿರುವುದಿಲ್ಲ. ಶಾಂತಿಯ ದಿನಗಳಲ್ಲಿ ಕೂಡಿಟ್ಟುಕೊಂಡದ್ದೇ ಆಗ ಕೈಗೆ ಬರುವುದು.

ಈ ಪಾಠವನ್ನು ಅಕ್ಷರಶಃ ಸ್ವೀಕರಿಸಿದವರು ಈಜಿಪ್ಟಿನ ಮರುಭೂಮಿಯ ತಪಸ್ವಿಗಳು. ಅವರಲ್ಲಿ ಅಗ್ರಗಣ್ಯನು ಮೂರನೆಯ ಶತಮಾನದ ಮಧ್ಯದಲ್ಲಿ ಹುಟ್ಟಿ, ದೀರ್ಘಾಯುವಾಗಿ ಬಾಳಿ, 356ರಲ್ಲಿ ತೀರಿಕೊಂಡ ಸಂತ ಅಂತೋಣಿ. ನಮ್ಮ ಮೈಸೂರು ಸೀಮೆಯ ಡೋರ್ನಹಳ್ಳಿಯಲ್ಲಿ ಜನರು ಹರಕೆ ಹೊರುವ ಪಾದುವದ ಅಂತೋಣಿಗಿಂತ ಈತನು ಒಂಬತ್ತು ಶತಮಾನಗಳಷ್ಟು ಹಿಂದಿನವನು. ಪಿತ್ರಾರ್ಜಿತವಾದ ಹೊಲಗದ್ದೆಗಳನ್ನು ತೊರೆದು, ಪಾಳುಬಿದ್ದ ಕೋಟೆಯೊಂದರಲ್ಲಿ ಸುಮಾರು 20 ವರ್ಷ ಒಂಟಿಯಾಗಿದ್ದ ಆತನನ್ನು ಅಲ್ಲಿಯೂ ಶೋಧನೆಗಳು ಬಿಡಲಿಲ್ಲವೆಂದು, ಅವನ ಚರಿತ್ರೆಯನ್ನು ಬರೆದ ಅಲೆಕ್ಸಾಂಡ್ರಿಯದ ಅಥನಾಸಿಯಸ್ ವಿಸ್ತಾರವಾಗಿ ವರ್ಣಿಸಿದ್ದಾನೆ. ಊರನ್ನು ಬಿಟ್ಟವನಿಗೆ ಊರಿನ ಆಮಿಷಗಳೂ ಬಿಟ್ಟುಹೋಗಬೇಕಲ್ಲವೆ ಎಂದು ನಾವು ಕೇಳಬಹುದು. ಹಗಲಿನ ಕೆಲಸದ ಗಡಿಬಿಡಿಯಲ್ಲಿ ಮರೆತಿದ್ದ ಹಲ್ಲುನೋವು ರಾತ್ರಿ ದೀಪವಾರಿಸಿ ಮಲಗಿದೊಡನೆ ಎದ್ದು ಕಾಡುವುದಷ್ಟೆ. ನೋವನ್ನು ತಂದದ್ದು ರಾತ್ರಿಯಲ್ಲ. ಏಕಾಂತವೂ ಹೊಸ ದುರಾಸೆಗಳನ್ನು ಸೃಷ್ಟಿಸುವುದಿಲ್ಲ. ಸಂಗ, ಸಂಭಾಷಣೆ, ವ್ಯವಹಾರಗಳ ಮರೆಯಲ್ಲಿ ಅಡಗಿದ್ದವುಗಳನ್ನು ಎದುರಿಗೆ ತಂದು ನಿಲ್ಲಿಸುತ್ತದೆ.

ಹೀಗೆ ಎದುರಿಗೆ ಬಂದವುಗಳನ್ನು ಹೆಸರಿಟ್ಟು ಗುರುತಿಸುವ ಕಾರ್ಯವನ್ನು ಮಾಡಿದವನು ಎವಾಗ್ರಿಯಸ್. ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಲ್ಲಿ ವಿದ್ವಾಂಸನೆಂದು ಕೀರ್ತಿವೆತ್ತ ಈತನು, ಪರಸ್ತ್ರೀಯೊಬ್ಬಳ ಮೋಹಕ್ಕೆ ಸಿಲುಕಿ, ಅದರಿಂದ ಪಾರಾಗಲು ಯೆರೂಸಲೇಮಿಗೂ ಅಲ್ಲಿಂದ ಈಜಿಪ್ಟಿಗೂ ಹೋಗಿ, ತನ್ನ ಕಡೆಯ ದಿನದವರೆಗೆ, ಎಂದರೆ 399ರವರೆಗೆ, ಮರುಭೂಮಿಯ ಗುಡಿಸಲಿನಲ್ಲಿ ನೆಲೆಸಿದನು. ಹೊಟ್ಟೆಬಾಕತನ, ಕಾಮ, ಧನಲೋಭ, ವಿಷಾದ, ಕ್ರೋಧ, ಬೇಸರ, ಕೀರ್ತಿಲೋಭ, ಅಹಂಕಾರ ಎಂದು ಮನಸ್ಸನ್ನು ಕೆಡಿಸುವ ಎಂಟು ಆಲೋಚನೆಗಳನ್ನು ಆತನು ಎಣಿಸಿದ್ದಾನೆ. ಕಾಲಾಂತರದಲ್ಲಿ ಗ್ರೆಗೊರಿ ಪೋಪರ ಕೈಯಲ್ಲಿ ಇದೇ ಪಟ್ಟಿಯು ಪರಿಷ್ಕೃತವಾಗಿ ಪಾಶ್ಚಾತ್ಯ ಕ್ರೈಸ್ತರ ಸಪ್ತ ಮಹಾಪಾಪಗಳಾಯಿತು. ಎಂಟರಲ್ಲಿಯೂ ಬೇಸರವನ್ನು ಕುರಿತು ಆತನು ಬರೆದುದು ಅತ್ಯಂತ ಸೂಕ್ಷ್ಮವಾಗಿದೆ. ನಡುಹಗಲಿನಲ್ಲಿ ಬಂದೆರಗುವ ಈ ಶತ್ರುವಿನಿಂದ ಸೂರ್ಯನು ಚಲಿಸುವುದನ್ನೇ ಮರೆತಂತೆ ತೋರುವುದು. ತಪಸ್ವಿಯು ಕಿಟಕಿಯತ್ತ ಮತ್ತೆ ಮತ್ತೆ ನೋಡುವನು, ಊಟದ ಹೊತ್ತಿಗೆ ಇನ್ನೆಷ್ಟು ತಡವೆಂದು ಹೊರಗೆ ಬಂದು ಲೆಕ್ಕ ಹಾಕುವನು, ಯಾರಾದರೂ ಬರುವರೇ ಎಂದು ದಾರಿ ಕಾಯುವನು. ಕ್ರಮೇಣ ಈ ಸ್ಥಳವೇ ಸರಿಯಿಲ್ಲ, ಇಲ್ಲಿಯ ಸೋದರರಲ್ಲಿ ಪ್ರೀತಿಯಿಲ್ಲ, ಬೇರೆಡೆಗೆ ಹೋದರೆ ದೇವರನ್ನು ಇದಕ್ಕಿಂತ ಚೆನ್ನಾಗಿ ಸೇವಿಸಬಹುದು ಎಂಬ ತರ್ಕಗಳು ಒಂದೊಂದಾಗಿ ಏಳುವುವು. ಕೈಹಿಡಿದ ಕರ್ತವ್ಯದಿಂದ ಮನಸ್ಸು ಜಾರುವ ಬಗೆಯನ್ನು ಬಲ್ಲ ಯಾವ ಗೃಹಸ್ಥನಿಗೂ ಈ ವರ್ಣನೆ ಅಪರಿಚಿತವೆನಿಸದು. ಇದಕ್ಕೆ ಹಿರಿಯರು ಹೇಳಿದ ಮದ್ದು ಸರಳವಾದುದು: ಸ್ಥಳವನ್ನು ಬಿಟ್ಟೇಳಬೇಡ. ಬೇಸರದಿಂದ ಬಳಲಿದ ಅಂತೋಣಿಗೆ, ಕುಳಿತು ಹಗ್ಗ ಹೊಸೆಯುತ್ತ, ಎದ್ದು ಪ್ರಾರ್ಥಿಸುತ್ತ, ಮತ್ತೆ ಕುಳಿತು ಹೊಸೆಯುತ್ತ ಇದ್ದ ದೇವದೂತನೊಬ್ಬನು ಕಾಣಿಸಿಕೊಂಡನೆಂಬ ಕಥೆಯೂ ಇದನ್ನೇ ಬೋಧಿಸುತ್ತದೆ.

ಇಷ್ಟೆಲ್ಲವನ್ನೂ ಗೆದ್ದವನಿಗೆ ಕಟ್ಟಕಡೆಯ ಅಪಾಯವು ಆ ಗೆಲುವಿನಲ್ಲಿಯೇ ಕಾದಿರುತ್ತದೆ. ಎವಾಗ್ರಿಯಸನ ಪಟ್ಟಿಯಲ್ಲಿ ಕೀರ್ತಿಲೋಭವೂ ಅಹಂಕಾರವೂ ಕೊನೆಯಲ್ಲಿರುವುದು ಆಕಸ್ಮಿಕವಲ್ಲ. ಅವು ತಪಸ್ಸನ್ನೇ ಆಹಾರವಾಗಿಸಿಕೊಂಡು ಬೆಳೆಯುವಂಥವು. ಆರನೆಯ ಶತಮಾನದಲ್ಲಿ ಸನ್ಯಾಸಿಗಳಿಗಾಗಿ ನಿಯಮಾವಳಿಯನ್ನು ರಚಿಸಿದ ಸಂತ ಬೆನೆಡಿಕ್ಟನು ಇದನ್ನು ಚೆನ್ನಾಗಿ ಅರಿತಿದ್ದನು. ತಪಸ್ಸುಕಾಲದಲ್ಲಿ ಪ್ರತಿಯೊಬ್ಬನೂ ಅನ್ನಪಾನ, ನಿದ್ರೆ, ಮಾತುಗಳಲ್ಲಿ ಸ್ವಲ್ಪವನ್ನು ಸಂತೋಷದಿಂದ ತ್ಯಜಿಸಲೆಂದು ವಿಧಿಸಿದ ಆತನೇ, ಏನನ್ನು ತ್ಯಜಿಸುವೆನೆಂಬುದನ್ನು ಮಠಾಧಿಪತಿಗೆ ಮೊದಲೇ ತಿಳಿಸಿ ಅನುಮತಿ ಪಡೆಯಬೇಕೆಂದೂ, ಇಲ್ಲವಾದರೆ ಆ ತ್ಯಾಗವು ಜಂಬದ ಲೆಕ್ಕಕ್ಕೆ ಸೇರುವುದೆಂದೂ ಎಚ್ಚರಿಸಿದನು.

ಇದಕ್ಕಿಂತಲೂ ಮನಮುಟ್ಟುವ ದೃಷ್ಟಾಂತವೊಂದು ಈಜಿಪ್ಟಿನ ಸ್ಕೇತಿಸ್ ಮರುಭೂಮಿಯದು. ಮೊದಲು ದರೋಡೆಕಾರನಾಗಿದ್ದು ತರುವಾಯ ಸಾಧುವಾದ ಕಪ್ಪುವರ್ಣದ ಮೋಶೆ ಎಂಬ ತಪಸ್ವಿ ಅಲ್ಲಿದ್ದನು. ಆ ವಾರವೆಲ್ಲ ಉಪವಾಸವಿರಬೇಕೆಂದು ಒಮ್ಮೆ ಹಿರಿಯರ ಆಜ್ಞೆಯಾಯಿತು. ಅದೇ ಸಮಯಕ್ಕೆ ದೂರದಿಂದ ಸೋದರರು ಅವನನ್ನು ಕಾಣಲು ಬಂದರು. ಮೋಶೆ ಒಲೆ ಹಚ್ಚಿ ಅವರಿಗಾಗಿ ಒಂದಿಷ್ಟು ಸೊಪ್ಪುತರಕಾರಿ ಬೇಯಿಸಿದನು. ಹೊಗೆಯನ್ನು ಕಂಡ ನೆರೆಯವರು ಗುರುಗಳಲ್ಲಿ ದೂರಿತ್ತರು. ವಿಚಾರಿಸೋಣವೆಂದು ಸುಮ್ಮನಿದ್ದ ಗುರುಗಳು, ಶನಿವಾರ ಎಲ್ಲರೂ ಕೂಡಿದಾಗ, ಮೋಶೆಯು ಮನುಷ್ಯರ ಆಜ್ಞೆಯನ್ನು ಮೀರಿದರೂ ದೇವರ ಆಜ್ಞೆಯನ್ನು ಪಾಲಿಸಿದನೆಂದು ಎಲ್ಲರ ಮುಂದೆ ಕೊಂಡಾಡಿದರು. ಉಪವಾಸವನ್ನು ಕೆಡಿಸಿಕೊಂಡವರು ಯಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ನೆರೆಯವನ ಒಲೆಯ ಹೊಗೆಯನ್ನು ಎಣಿಸುತ್ತ ಕುಳಿತ ಹಸಿವಿಗೆ ತಪಸ್ಸೆಂಬ ಹೆಸರು ಒಪ್ಪುವುದಿಲ್ಲ.

ಆದಕಾರಣವೇ ಧರ್ಮಸಭೆಯು ತಪಸ್ಸುಕಾಲದ ಸಾಧನೆಗಳನ್ನು ಪ್ರಾರ್ಥನೆ, ಉಪವಾಸ, ದಾನಧರ್ಮ ಎಂದು ಮೂರನ್ನೂ ಒಂದಕ್ಕೊಂದು ಹೆಣೆದು ಹೇಳಿದೆ. ಪ್ರಾರ್ಥನೆಯಿಲ್ಲದ ಉಪವಾಸವು ದೇಹದಂಡನೆಯಾಗಿ ಉಳಿಯುವುದು. ದಾನವಿಲ್ಲದ ಉಪವಾಸವು ಮಿತವ್ಯಯವಾಗಿ ಉಳಿಯುವುದು. ಬೂದಿ ಬುಧವಾರದಂದು ಓದುವ ಸುವಾರ್ತೆಯ ಭಾಗವು, ಈ ಮೂರನ್ನೂ ಜನರ ಕಣ್ಣಿಗೆ ಬೀಳದಂತೆ ಗುಟ್ಟಾಗಿ ಮಾಡಬೇಕೆಂದು ಕೇಳಿಕೊಳ್ಳುತ್ತದೆ. ಅನ್ಯಾಯದ ಬಂಧನಗಳನ್ನು ಬಿಚ್ಚಿ, ಹಸಿದವನೊಡನೆ ಅನ್ನವನ್ನು ಹಂಚಿಕೊಳ್ಳುವುದೇ ದೇವರಿಗೆ ಮೆಚ್ಚಿಕೆಯಾದ ಉಪವಾಸವೆಂದು ಪ್ರವಾದಿ ಯೆಶಾಯನ 58ನೆಯ ಅಧ್ಯಾಯವು ಅದಕ್ಕೂ ಶತಮಾನಗಳ ಹಿಂದೆಯೇ ಘೋಷಿಸಿತ್ತು.

ನಮ್ಮ ಊರುಗಳ ದೇವಾಲಯಗಳಲ್ಲಿ ಈ ದಿನಗಳಲ್ಲಿ ಬಲಿಪೀಠಕ್ಕೆ ನೇರಳೆ ಬಣ್ಣದ ವಸ್ತ್ರ. ಶುಕ್ರವಾರಗಳಂದು ಹದಿನಾಲ್ಕು ಸ್ಥಳಗಳ ಶಿಲುಬೆಹಾದಿಯ ಪ್ರಾರ್ಥನೆ. ಮದುವೆ ಮುಂತಾದ ಸಂಭ್ರಮಗಳಿಗೆ ವಿರಾಮ. ಇವೆಲ್ಲವೂ ಅಡವಿಗೆ ಹೋಗಲಾಗದ ಸಂಸಾರಿಗಾಗಿ ಊರಿನ ನಡುವೆಯೇ ಕಲ್ಪಿಸಿದ ಅಡವಿ. ದಿನಕ್ಕೆ ಅರ್ಧಗಂಟೆಯಾದರೂ ಮಾತುಕತೆಯನ್ನೂ ಓದುಬರಹಗಳನ್ನೂ ಬದಿಗಿಟ್ಟು, ಎದ್ದುಹೋಗಬೇಕೆನಿಸಿದರೂ ಏಳದೆ, ದೇವರ ಸನ್ನಿಧಿಯಲ್ಲಿ ತನ್ನೊಡನೆ ತಾನು ಕುಳಿತುಕೊಳ್ಳಲು ಯಾವ ಮಠವೂ ಬೇಕಾಗಿಲ್ಲ. ಅಲ್ಲಿ ಕಾಣಿಸಿಕೊಳ್ಳುವ ಆಸೆಗಳನ್ನು ನೋಡಿ ಹೆದರಬೇಕಾಗಿಲ್ಲ. ಶೋಧನೆಯು ಎದುರಾಗುವುದು ಪಾಪವಲ್ಲ, ನಿಷ್ಪಾಪಿಯಾದ ಯೇಸುವಿಗೂ ಅದು ಎದುರಾಯಿತು. ಒಮ್ಮೆ ಗೆದ್ದೆನೆಂದು ಮೈಮರೆಯಲೂ ಬಾರದು. ಸೋತ ಸೈತಾನನು ತಕ್ಕ ಸಮಯ ಬರುವವರೆಗೆ ಮಾತ್ರ ಹೊರಟುಹೋದನೆಂದು ಲೂಕನು ತನ್ನ ಕಥನವನ್ನು ಮುಗಿಸಿದ್ದಾನೆ.

ನಲವತ್ತು ದಿನಗಳು ಕಳೆದ ಮೇಲೆ ಯೇಸು ಅಡವಿಯಲ್ಲಿ ಉಳಿಯಲಿಲ್ಲ. ಗಲಿಲಾಯಕ್ಕೆ ಬಂದು ರೋಗಿಗಳ, ಬಡವರ, ಬಹಿಷ್ಕೃತರ ನಡುವೆ ನಡೆದಾಡಿದನು. ಏಕಾಂತದ ಸಾರ್ಥಕತೆಯೂ ಅಲ್ಲಿಯೇ ನಿರ್ಣಯವಾಗಬೇಕು. ಆದುದರಿಂದ ಈ ವ್ರತವನ್ನು ಹಿಡಿದ ಓದುಗರಲ್ಲಿ ಒಂದೇ ಬಿನ್ನಹ: ಉಪವಾಸದಿಂದ ಉಳಿದ ಅನ್ನವು ಹಸಿದವನ ತಟ್ಟೆಯನ್ನು ಸೇರಲಿ, ಏಕಾಂತದಲ್ಲಿ ಕಂಡ ತಪ್ಪಿನಿಂದ ಯಾರ ಮನಸ್ಸು ನೊಂದಿದೆಯೋ, ಈಸ್ಟರ್ ಬರುವುದಕ್ಕೆ ಮೊದಲು ಅವರ ಮನೆಗೆ ಹೋಗಿ ಕ್ಷಮೆ ಕೇಳಿರಿ.