ಇನ್ಶೂರೆನ್ಸ್ ಕಾರ್ಡ್ ಇದೆ, ಮಗುವಿಗೆ ಡಾಕ್ಟರ್ ಇದ್ದಾರೆಯೇ?

ಉರ್ದುವಿನಲ್ಲಿ ‘ಸನತ್’ ಎಂದರೆ ಉದ್ಯಮ. ನಾನಿರುವ ಹೈದರಾಬಾದಿನ ಸನತ್‌ನಗರ ಹೆಸರಿಗೆ ತಕ್ಕಂತೆ ಹಳೆಯ ಕೈಗಾರಿಕಾ ಪ್ರದೇಶ. ಇಲ್ಲಿನ ಕೆಲಸಗಾರರಲ್ಲಿ ಬೀದರ್, ಕಲಬುರಗಿ, ಯಾದಗಿರಿ ಕಡೆಯವರು ಸಿಗುತ್ತಾರೆ. ಹೈಟೆಕ್ ಸಿಟಿಯ ಬಾಡಿಗೆಗೆ ಹೆದರಿ ಇತ್ತ ಬಂದ ನನ್ನಂತಹ ಐಟಿಯವರೂ ಇದ್ದೇವೆ. ಸಂಬಳದಲ್ಲಿ ಅಂತರವಿದ್ದರೂ ಮಕ್ಕಳಿಗೆ ಜ್ವರ ಬಂದಾಗ ನಮ್ಮೆಲ್ಲರ ಪಾಡು ಹೆಚ್ಚುಕಡಿಮೆ ಒಂದೇ. ಹಗಲು ಕಳೆಯುತ್ತದೆ, ರಾತ್ರಿ ಜ್ವರ ಏರುತ್ತದೆ, ಮಗುವನ್ನೆತ್ತಿಕೊಂಡು ಎಮರ್ಜೆನ್ಸಿಗೆ ಓಡುತ್ತೇವೆ.

ಊರಲ್ಲಿದ್ದರೆ ಹೀಗಾಗುತ್ತಿರಲಿಲ್ಲ. ಅಲ್ಲಿ ಅಜ್ಜಿ ಇರುತ್ತಾರೆ, ಮಗುವನ್ನು ಹುಟ್ಟಿದಾಗಿನಿಂದ ಕಂಡ ಡಾಕ್ಟರ್ ಇರುತ್ತಾರೆ. ಇಲ್ಲಿ ಮನೆ ಬದಲಾದಂತೆ ಡಾಕ್ಟರೂ ಬದಲಾಗುತ್ತಾರೆ. ಎಮರ್ಜೆನ್ಸಿಯಲ್ಲಿರುವ ಡ್ಯೂಟಿ ಡಾಕ್ಟರ್ ಎಷ್ಟೇ ಜಾಣರಿರಲಿ, ನಮ್ಮ ಮಗು ಅವರಿಗೆ ಹೊಸದು. ತೂಕ ಎಷ್ಟು, ಹಿಂದೆ ಉಬ್ಬಸ ಬಂದಿತ್ತೇ, ಕಳೆದ ತಿಂಗಳು ಕೊಟ್ಟ ಆ್ಯಂಟಿಬಯೋಟಿಕ್ ಯಾವುದು ಎಂದು ಕೇಳುತ್ತಾರೆ. ಮಗುವಿನ ಎದೆ ‘ಗೊರಗೊರ’ ಅನ್ನುತ್ತಿದೆ ಎಂಬುದನ್ನು ತಾಯಿ ತೆಲುಗಿನಲ್ಲಿ ಹೇಗೆ ವಿವರಿಸಬೇಕು? ಏನೂ ಗೊತ್ತಿಲ್ಲದಾಗ ರಕ್ತ ಪರೀಕ್ಷೆ, ಎಕ್ಸ್‌ರೇ, ‘ಒಂದು ರಾತ್ರಿ ಇರಲಿ’ ಎನ್ನುವುದು ಅವರಿಗೂ ಸುರಕ್ಷಿತ ದಾರಿ.

ಇದು ನಮ್ಮ ನಗರದ ಕಥೆಯಷ್ಟೇ ಅಲ್ಲ. ಅಮೆರಿಕದ ಸಿಯಾಟಲ್‌ನ ಮಕ್ಕಳ ವೈದ್ಯ ಡಿಮಿಟ್ರಿ ಕ್ರಿಸ್ಟಾಕಿಸ್ ಮತ್ತು ಸಂಗಡಿಗರ ಅಧ್ಯಯನವೊಂದು 2001ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಬ್ಬರೇ ಡಾಕ್ಟರಲ್ಲಿಗೆ ಹೋಗುವ ಮಕ್ಕಳಿಗಿಂತ, ಡಾಕ್ಟರ್ ಬದಲಾಗುತ್ತಲೇ ಇರುವ ಮಕ್ಕಳು ಎಮರ್ಜೆನ್ಸಿಗೆ ಹೋಗುವ ಮತ್ತು ಅಡ್ಮಿಟ್ ಆಗುವ ಸಾಧ್ಯತೆ ಹೆಚ್ಚು ಎಂದು ಅದು ಕಂಡುಕೊಂಡಿತು. ಉಬ್ಬಸದ ಮಕ್ಕಳನ್ನು ನೋಡಿದರೆ ಕಾರಣ ತಿಳಿಯುತ್ತದೆ. ಎಮರ್ಜೆನ್ಸಿಯಲ್ಲಿ ನೆಬ್ಯುಲೈಸರ್ ಹಾಕಿ ಆ ರಾತ್ರಿ ದಾಟಿಸುತ್ತಾರೆ. ಉಬ್ಬಸ ಎಷ್ಟು ಸಲ, ಯಾವಾಗ ಬರುತ್ತಿದೆ ಎಂದು ಗಮನಿಸಿ, ತಡೆಯುವ ಇನ್‌ಹೇಲರ್ ಬೇಕೇ ಎಂದು ನಿರ್ಧರಿಸಿ, ಬಳಸುವುದನ್ನು ಕಲಿಸುವುದು ಕಾಯಂ ಡಾಕ್ಟರ ಕೆಲಸ.

ಕಾರ್ಡ್ ಇದ್ದರೆ ಸಾಕೇ?

ನಮ್ಮ ಐಟಿಯವರ ಆರೋಗ್ಯ ವಿಮೆ ಸಾಮಾನ್ಯವಾಗಿ ಅಡ್ಮಿಟ್ ಆದರಷ್ಟೇ ಹಣ ಕೊಡುತ್ತದೆ. ಹೊರರೋಗಿ ವಿಭಾಗದ ಫೀಸು, ಔಷಧಿ ನಮ್ಮ ಜೇಬಿನಿಂದ. ಕಾರ್ಖಾನೆ ಕೆಲಸಗಾರರ ಇಎಸ್‌ಐ ಇದಕ್ಕಿಂತ ಭಿನ್ನ. 2019ರ ಜುಲೈಯಿಂದ ಕೆಲಸಗಾರನ ಪಾಲು ಸಂಬಳದ ಶೇ 0.75, ಮಾಲೀಕರದು ಶೇ 3.25. ಅದಕ್ಕೆ ಪ್ರತಿಯಾಗಿ ಕೆಲಸಕ್ಕೆ ಸೇರಿದ ದಿನದಿಂದಲೇ ಕುಟುಂಬಕ್ಕೆ ಡಿಸ್ಪೆನ್ಸರಿಯ ಮಾತ್ರೆಯಿಂದ ದೊಡ್ಡ ಆಸ್ಪತ್ರೆಯವರೆಗೆ ಚಿಕಿತ್ಸೆ. ಸನತ್‌ನಗರದಲ್ಲೇ ಇಎಸ್‌ಐಸಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಆದರೆ ಮಗುವಿನ ಹೆಸರು ದಾಖಲೆಯಲ್ಲಿ ಸೇರಿರಬೇಕು. ಊರಲ್ಲಿ ಹೆರಿಗೆಯಾಗಿ ನಂತರ ಇಲ್ಲಿಗೆ ಬಂದ ಮಕ್ಕಳ ಹೆಸರು ಬಿಟ್ಟುಹೋಗುವುದುಂಟು. ಇಂದೇ ನೋಡಿಕೊಳ್ಳಿ.

ಇಎಸ್‌ಐ ಇಲ್ಲದವರಿಗೆ ಬಸ್ತಿ ದವಾಖಾನೆಗಳಿವೆ. 2018ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಇವುಗಳಲ್ಲಿ ಡಾಕ್ಟರ್, ನರ್ಸ್ ಇರುತ್ತಾರೆ. ತಪಾಸಣೆ, ಔಷಧಿ ಉಚಿತ. ನಮ್ಮ ರಾಜ್ಯದ ‘ನಮ್ಮ ಕ್ಲಿನಿಕ್’ ಇದೇ ಬಗೆಯದು. ಹಾಗಿದ್ದರೂ ಜನ ಏಕೆ ರಾತ್ರಿ ಎಮರ್ಜೆನ್ಸಿಗೆ ಓಡುತ್ತಾರೆ? ಬಸ್ತಿ ದವಾಖಾನೆ ತೆರೆದಿರುವುದು ಹಗಲಿನಲ್ಲಿ. ದಿನಗೂಲಿಯವರು ಆಗ ಮಗುವನ್ನು ಕರೆತರಬೇಕಾದರೆ ಆ ದಿನದ ಕೂಲಿ ಬಿಡಬೇಕು. ಹಾಗಾಗಿ ‘ಸಂಜೆವರೆಗೆ ನೋಡೋಣ’ ಎಂದು ತಳ್ಳುತ್ತಾರೆ. ಇದನ್ನು ತಾಯ್ತಂದೆಯರ ಅಜ್ಞಾನ ಎಂದು ಬೈಯುವವರು ಶಿಫ್ಟ್ ಮುಗಿಯುವ ಹೊತ್ತಿಗೆ ಯಾವ ಬಾಗಿಲು ತೆರೆದಿದೆ ಎಂದು ನೋಡಲಿ. ವಾರಕ್ಕೆ ಕೆಲವು ದಿನವಾದರೂ ಇವು ರಾತ್ರಿ ಎಂಟರವರೆಗೆ ತೆರೆದಿದ್ದರೆ ದೊಡ್ಡ ಆಸ್ಪತ್ರೆಗಳ ಮೇಲಿನ ಒತ್ತಡ ಇಳಿಯುತ್ತದೆ. ನಿಲೋಫರ್ ಮಕ್ಕಳ ಆಸ್ಪತ್ರೆಯಂತಹ ಕಡೆ ನಿಜಕ್ಕೂ ಜೀವಾಪಾಯದಲ್ಲಿರುವ ಮಗುವಿಗೆ ಜಾಗ, ಸಮಯ ಸಿಗುತ್ತದೆ.

ತಡ ಮಾಡಬಾರದ ಹೊತ್ತು

ಕಾಯಂ ಡಾಕ್ಟರ್ ಇದ್ದಾರೆಂದು ಬೆಳಗಿನವರೆಗೆ ಕಾಯಬಾರದ ಲಕ್ಷಣಗಳೂ ಇವೆ. ಮಗು ಹಾಲು, ನೀರು ಕುಡಿಯಲಾರದು, ಕುಡಿದದ್ದೆಲ್ಲ ವಾಂತಿಯಾಗುತ್ತದೆ, ಫಿಟ್ಸ್ ಬಂದಿದೆ, ಎಬ್ಬಿಸಿದರೂ ಏಳದ ಮಂಪರು, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತದೆ. ಇವುಗಳಲ್ಲಿ ಒಂದಿದ್ದರೂ ತಕ್ಷಣ ಹೊರಡಿ. 2 ತಿಂಗಳೊಳಗಿನ ಕೂಸಿಗೆ ಬರೀ ಜ್ವರವಿದ್ದರೂ ಆಸ್ಪತ್ರೆಗೇ ಹೋಗಬೇಕು.

ಮಗು ಶಾಂತವಾಗಿರುವಾಗ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳಿಂದ 1 ವರ್ಷದೊಳಗೆ 50, ಅಲ್ಲಿಂದ 5 ವರ್ಷದವರೆಗೆ 40 ಅಥವಾ ಹೆಚ್ಚಿದ್ದರೆ ನ್ಯುಮೋನಿಯಾ ಇರಬಹುದು. ಅಂದೇ ಡಾಕ್ಟರಿಗೆ ತೋರಿಸಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. 2005ರಲ್ಲಿ ಹೈದರಾಬಾದಿನಲ್ಲೇ ಶುರುವಾದ ಸೇವೆಯಿದು.

ಉಳಿದಂತೆ, ಮಗು ಚೆನ್ನಾಗಿರುವಾಗಲೇ ಮನೆಗೆ ಹತ್ತಿರದ ಒಬ್ಬ ಮಕ್ಕಳ ಡಾಕ್ಟರನ್ನು ಗೊತ್ತುಮಾಡಿಕೊಳ್ಳಿ. ಮುಂದಿನ ಲಸಿಕೆಯೇ ಅದಕ್ಕೊಳ್ಳೆಯ ನೆಪ. ಕರ್ನಾಟಕದ ತಾಯಿ ಕಾರ್ಡ್ ತೋರಿಸಿದರೆ ಇಲ್ಲಿನ ಸರ್ಕಾರಿ ಕೇಂದ್ರದಲ್ಲೂ ಉಳಿದ ಲಸಿಕೆ ಹಾಕುತ್ತಾರೆ. ರಾಷ್ಟ್ರೀಯ ವೇಳಾಪಟ್ಟಿ ಒಂದೇ. ಚೀಟಿಗಳನ್ನೆಲ್ಲ ಒಂದೇ ಫೈಲಿನಲ್ಲಿಡಿ, ಮೊಬೈಲಿನಲ್ಲೂ ಫೋಟೊ ಇರಲಿ. ರಾತ್ರಿ ಎಷ್ಟು ಹೊತ್ತಿನವರೆಗೆ ಫೋನ್ ಮಾಡಬಹುದು ಎಂದು ಡಾಕ್ಟರನ್ನು ಮೊದಲ ಭೇಟಿಯಲ್ಲೇ ಕೇಳಿ. ಹೊಸ ಊರಿಗೆ ಬಂದಾಗ ಗ್ಯಾಸ್, ವೈಫೈ, ಶಾಲೆ ಎಂದು ಪಟ್ಟಿ ಮಾಡುತ್ತೇವಲ್ಲ, ಅದರಲ್ಲಿ ಈ ಹೆಸರೂ ಇರಲಿ.